ಅರ್ಧ ಡಾಕ್ಟರನ ಹೊಸ ಬಲ್ಬು

ನಮ್ಮ ಬೀದಿಯ ಡಾಕ್ಟರು ಒಳ್ಳೆಯವರು. ಅವರು ಕೊಟ್ಟ ಮಾತ್ರೆ ನುಂಗಿ ಯಾರೂ ಸತ್ತದ್ದಿಲ್ಲ. ಹಾಗಾದರೆ ಯಾರಾದರೂ ಗುಣವಾದರೋ ಎಂದು ಕೇಳಬಾರದು, ಅದು ಮರ್ಯಾದಸ್ಥರು ಕೇಳುವ ಪ್ರಶ್ನೆಯಲ್ಲ. ಅವರ ಕಾಂಪೌಂಡರನಿಗೆ ನಾವೆಲ್ಲ ಅರ್ಧ ಡಾಕ್ಟರ್ ಎಂದು ಹೆಸರಿಟ್ಟಿದ್ದೆವು. ಆತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾವು ಇಲ್ಲದ ಅರ್ಧವನ್ನು ನೆನೆದು ಕರೆಯುತ್ತಿದ್ದೆವು, ಆತ ಇರುವ ಅರ್ಧಕ್ಕೆ ಓಗೊಡುತ್ತಿದ್ದ. ಹೀಗಾಗಿ ಎರಡೂ ಕಡೆಯವರಿಗೆ ಸಮಾಧಾನವಿತ್ತು.

ಅರ್ಧ ಡಾಕ್ಟರನಿಗೆ ಬದುಕಿನಲ್ಲಿ ಒಂದೇ ಒಂದು ಆಸೆ. ಭಾಮೈದ ತನ್ನ ಮನೆ ಬಿಟ್ಟು ಹೋಗಬೇಕು.

ಭಾಮೈದ ಬಂದದ್ದು "ನಾಲ್ಕು ದಿನ ಇದ್ದು ಹೋಗ್ತೀನಿ ಅಕ್ಕ" ಎನ್ನುತ್ತಾ. ಆ ನಾಲ್ಕು ದಿನ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಅರ್ಧ ಡಾಕ್ಟರನ ಮನೆಯೆಂದರೆ ಒಂದು ಅಡುಗೆಮನೆ, ಒಂದು ನಡುಕೋಣೆ, ನಡುಕೋಣೆಯಲ್ಲಿ ಒಂದು ಮಂಚ. ಬೆಳಗ್ಗೆ ಆ ಮಂಚದ ಮೇಲೆ ಒರಗಿಕೊಂಡು ಪೇಪರ್ ಓದುವುದೇ ಹಿಂದೆ ಆತನ ಸುಖದ ಪರಮಾವಧಿಯಾಗಿತ್ತು. ಈಗ ಮಂಚದ ಮೇಲೆ ಭಾಮೈದ. ಉದ್ದನೆಯ ಆಳು, ತಲೆ ಆ ಕಡೆಯ ಗೋಡೆಗೆ ತಾಗಿದರೆ ಪಾದ ಈ ಕಡೆಯ ಬಾಗಿಲಿಗೆ ಬರುತ್ತಿತ್ತು. ಮನೆಯ ಯಜಮಾನ ತನ್ನ ಮನೆಯೊಳಕ್ಕೆ ತಾನು ಹೋಗಬೇಕಾದರೆ ಹೆಂಡತಿಯ ತಮ್ಮನ ಕಾಲು ದಾಟಿಕೊಂಡು ಹೋಗಬೇಕು.

"ಭಾವ, ಪೇಪರ್ ನಂದಾಯ್ತು, ತಗೊಳ್ಳಿ. ಓದೋ ಅಂಥದ್ದೇನಿಲ್ಲ. ಮಂತ್ರಿ ರಾಜೀನಾಮೆ ಕೊಟ್ಟ, ಸೇತುವೆ ಬಿತ್ತು, ಅಷ್ಟೇ," ಎಂದು ಆತ ದಿನವೂ ಎರಡೇ ಮಾತಿನಲ್ಲಿ ಪೇಪರಿನ ಜೀವ ತೆಗೆದು ಭಾವನ ಕೈಗೆ ಕೊಡುತ್ತಿದ್ದ. ಹೋಗಲಿ, ಜಗಳವಾಡೋಣವೆಂದರೆ ಜಗಳಕ್ಕೆ ಬರುವ ಗಿರಾಕಿಯೂ ಅಲ್ಲ. ಬೈದರೆ ನಗುತ್ತಿದ್ದ. "ಭಾವನಿಗೆ ಇವತ್ತು ತಲೆನೋವು ಅಂತ ಕಾಣುತ್ತೆ ಅಕ್ಕ. ಒಂದು ಲೋಟ ಕಾಫಿ ಕೊಡು. ಹಾಗೇ ನಂಗೂ ಒಂಚೂರು."

ಹೀಗಿರುವಾಗ ದೂರದ ಬಂದರಿನಲ್ಲಿ ಭಾಮೈದನಿಗೆ ಕ್ರೇನ್ ನಡೆಸುವ ಕೆಲಸ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಬಂದು ಸೇರಬೇಕು, ಬರುವಾಗ ಮೈ, ಕಣ್ಣು, ರಕ್ತ ಎಲ್ಲ ಗಟ್ಟಿಯಾಗಿವೆಯೆಂದು ಡಾಕ್ಟರಿಂದ ಬರೆಸಿಕೊಂಡು ಬರಬೇಕು ಎಂದು ಬಂದರಿನವರು ತಿಳಿಸಿದ್ದರು. ಸುದ್ದಿ ಬಂದ ದಿನ ಅರ್ಧ ಡಾಕ್ಟರ್ ಅಟ್ಟದ ಮೇಲಿನ ಸೂಟ್‌ಕೇಸನ್ನು ತಾನೇ ಇಳಿಸಿ, ತಾನೇ ಒರೆಸಿ, ಭಾಮೈದನ ತಲೆದೆಸೆಯಲ್ಲಿ ಇಟ್ಟ. ಇಷ್ಟು ಪ್ರೀತಿಯ ಭಾವ ಬೇರೆ ಯಾರಿಗೂ ಸಿಕ್ಕಿರಲಾರ ಎಂದು ಭಾಮೈದನ ಕಣ್ಣಲ್ಲಿ ನೀರು ಬಂತು.

ಇನ್ನು ಉಳಿದದ್ದು ಡಾಕ್ಟರ ಒಂದು ಸೈನು ಮಾತ್ರ. ನಮ್ಮ ಡಾಕ್ಟರ ಪದ್ಧತಿಯನ್ನು ಇಲ್ಲಿ ಹೇಳಬೇಕು. ನೀವು ಮಂಡಿ ನೋವೆಂದು ಹೋಗಿ, ಬೆರಳು ಜಜ್ಜಿಕೊಂಡು ಹೋಗಿ, ಅವರು ಮೊದಲು ನಿಮ್ಮ ಕೆಳಗಿನ ಕಣ್ಣುರೆಪ್ಪೆ ಎಳೆದು ಟಾರ್ಚು ಬಿಡುತ್ತಿದ್ದರು. ಒಳಗಡೆ ಕೆಂಪಿದೆಯೋ ಇಲ್ಲವೋ ನೋಡಿ, "ಹೂಂ" ಎನ್ನುತ್ತಿದ್ದರು. ಆ ಹೂಂ ಗಿಡ್ಡವಾಗಿದ್ದರೆ ಮಾತ್ರೆ, ಉದ್ದವಾಗಿದ್ದರೆ ಇಂಜೆಕ್ಷನ್. ಅದಕ್ಕಿಂತ ಹೆಚ್ಚಿನ ವೈದ್ಯಶಾಸ್ತ್ರ ನಮಗೂ ಬೇಕಿರಲಿಲ್ಲ. ಟಾರ್ಚು ಅವರ ಮೇಷ್ಟ್ರು ಕೊಟ್ಟದ್ದಂತೆ. ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಳ್ಳುವ ಪುಟ್ಟ ಸ್ಟೀಲ್ ಟಾರ್ಚು, ಒಳಗೆ ಎರಡು ಪೆನ್ಸಿಲ್ ಸೆಲ್, ಮುಂದುಗಡೆ ಕಡಲೆಕಾಳಿನಷ್ಟು ಬಲ್ಬು. ಅದರ ಬೆಳಕು ವಯಸ್ಸಾಗಿ ಹಳದಿಗೆ ತಿರುಗಿ, ಈಚೆಗೆ ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಟಾರ್ಚು ಬೇಕಾಗಿತ್ತು. ಕ್ಲಿನಿಕ್ಕಿಗೋ ಕಿಟಕಿಯೇ ಇಲ್ಲ, ಹಿಂದೆ ಅದು ಮೂಟೆ ಇಡುವ ಕೋಣೆ.

ಡಾಕ್ಟರು ಭಾಮೈದನ ರೆಪ್ಪೆ ಎಳೆದು ಬಹಳ ಹೊತ್ತು ನೋಡಿದರು.

"ಏನೂ ಕಾಣಿಸ್ತಿಲ್ಲ ಕಣಯ್ಯಾ."

"ಚೆನ್ನಾಗೇ ಇರುತ್ತೆ ಸಾರ್, ಸೈನ್ ಹಾಕಿ," ಎಂದ ಅರ್ಧ ಡಾಕ್ಟರ್. ಪೆನ್ನಿನ ಮುಚ್ಚಳ ಆಗಲೇ ತೆಗೆದು ಹಿಡಿದಿದ್ದ.

"ಕ್ರೇನ್ ಅಂದ್ರೆ ಹುಡುಗಾಟವೇನಯ್ಯಾ? ನಾಳೆ ಇವನು ಯಾರ ತಲೆ ಮೇಲಾದ್ರೂ ಕಬ್ಬಿಣ ಇಳಿಸಿದ್ರೆ ನನ್ನನ್ನ ಕೇಳ್ತಾರೆ. ಸರಿಯಾಗಿ ನೋಡದೆ ಹಾಕಲ್ಲ. ಹೊಸ ಕನ್ನಡಕ ಮಾಡಿಸೋಕೆ ಕೊಟ್ಟಿದ್ದೀನಿ, ಬರಲಿ."

ಕನ್ನಡಕ ಇವತ್ತು ಬರಲಿಲ್ಲ, ನಾಳೆ ಬರಲಿಲ್ಲ. ಅರ್ಧ ಡಾಕ್ಟರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಪ್ಪು ಕಣ್ಣಿನದಲ್ಲ, ಟಾರ್ಚಿನದು ಎಂದು ಆತನ ಅರ್ಧ ವೈದ್ಯಜ್ಞಾನ ಹೇಳಿತು. ನೇರವಾಗಿ ಎಲೆಕ್ಟ್ರಿಕ್ ಅಂಗಡಿಗೆ ಹೋದ.

"ಹಳೇ ಟಾರ್ಚಿಗೆ ಅಂತಾನೇ ಬಂದಿರೋ ಎಲ್‌ಇಡಿ ಬಲ್ಬು ಇದು," ಎಂದ ಅಂಗಡಿಯವನು. "ಹಳೇದು ಬಿಚ್ಚಿ, ಇದನ್ನ ತಿರುಗಿಸಿ. ಆಯ್ತು. ಸೆಲ್ಲೂ ಬೇಗ ಮುಗಿಯಲ್ಲ."

"ಬೆಳಕು ಹೇಗೆ?"

"ಹಗಲು ಇದ್ದ ಹಾಗೆ."

ಸಂಜೆ ಕೊನೆಯ ರೋಗಿ ಹೋದ ಮೇಲೆ, ಡಾಕ್ಟರು ಕೆಳಗಿಟ್ಟಿದ್ದ ಟಾರ್ಚನ್ನು ಎತ್ತಿಕೊಂಡು, ಔಷಧಿ ಕಟ್ಟುವ ಮೇಜಿನ ಹಿಂದೆ ಕೂತು ಅರ್ಧ ಡಾಕ್ಟರ್ ಶಸ್ತ್ರಚಿಕಿತ್ಸೆ ಮಾಡಿದ. ಮುಂದಿನ ಮುಚ್ಚಳ ಬಿಚ್ಚಿದ, ಹಳೆಯ ಬಲ್ಬು ತೆಗೆದು ಹತ್ತಿಯಲ್ಲಿ ಸುತ್ತಿಟ್ಟ, ಹೊಸದನ್ನು ತಿರುಗಿಸಿದ, ಗುಂಡಿ ಒತ್ತಿದ. ಏನೂ ಇಲ್ಲ. ಅಂಗಡಿಯವನ ವಂಶವನ್ನೆಲ್ಲ ಮನಸ್ಸಿನಲ್ಲೇ ನೆನೆದು, ಸಿಟ್ಟಿನಲ್ಲಿ ಸೆಲ್ಲುಗಳನ್ನು ಹೊರಗೆ ಕೊಡವಿ ಉಲ್ಟಾ ತುರುಕಿದ. ಹೊತ್ತಿತೋ ಇಲ್ಲವೋ ನೋಡಲು ಟಾರ್ಚನ್ನು ನೇರವಾಗಿ ಕಣ್ಣಿಗೇ ಹಿಡಿದುಕೊಂಡು ಗುಂಡಿ ಒತ್ತಿದ. ಈ ಸಲ ಹೊತ್ತಿತು. ಅಂದು ರಾತ್ರಿ ಮಲಗುವವರೆಗೂ ಆತನಿಗೆ ಎದುರು ಬಂದವರೆಲ್ಲರ ಮೂಗಿನ ಮೇಲೂ ಒಂದು ಹಸಿರು ಚುಕ್ಕೆ ಕಾಣುತ್ತಿತ್ತು.

ಡಾಕ್ಟರಿಗೆ ಹೇಳಬೇಕೆಂದುಕೊಂಡ. ಆದರೆ ಮೇಷ್ಟ್ರು ಕೊಟ್ಟ ಟಾರ್ಚನ್ನು ಬೇರೆಯವರು ಬಿಚ್ಚಿದರೆಂದರೆ ಅವರು ಸುಮ್ಮನಿರುವವರಲ್ಲ. ಮೊದಲು ಸೈನು ಬೀಳಲಿ, ಆಮೇಲೆ ಹೇಳಿ ಭೇಷ್ ಅನ್ನಿಸಿಕೊಳ್ಳೋಣ ಎಂದು ಬಾಯಿಗೆ ಬೀಗ ಹಾಕಿಕೊಂಡ.

ದುರದೃಷ್ಟಕ್ಕೆ ಮರುದಿನ ಬೆಳಗ್ಗೆಯೇ ಡಾಕ್ಟರ ಹೊಸ ಕನ್ನಡಕ ಬಂತು. ಅದನ್ನು ಏರಿಸಿಕೊಂಡು ಅವರು ಟಾರ್ಚು ಹೊತ್ತಿಸಿದರು. ಕೋಣೆಯ ಮೂಲೆಯ ಜೇಡನಿಗೂ ನಾಚಿಕೆಯಾಗುವಷ್ಟು ಬೆಳಕು, ಅದೂ ನೀಲಿ ಬೆರೆತ ಬಿಳಿ ಬೆಳಕು.

"ಏನಯ್ಯಾ, ಹೊಸದು ಹಾಕಿದ್ಯಾ?"

"ಹೂಂ ಸಾರ್, ನಿನ್ನೇನೇ ಹಾಕಿದೆ."

ಡಾಕ್ಟರು ಕೇಳಿದ್ದು ಸೆಲ್ಲು, ಅರ್ಧ ಡಾಕ್ಟರ್ ಹೇಳಿದ್ದು ಬಲ್ಬು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ನಮ್ಮ ಬೀದಿಗೆ ಬಂದ ಗಂಡಾಂತರವೆಲ್ಲ ಆ ಒಂದು ತಲೆಯಾಡಿಸುವಿಕೆಯಿಂದ ಬಂದದ್ದು.

ಮೊದಲ ರೋಗಿ ದರ್ಜಿ. ಸೂಜಿ ಚುಚ್ಚಿಕೊಂಡ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ. ಡಾಕ್ಟರು ಪದ್ಧತಿಯ ಪ್ರಕಾರ ರೆಪ್ಪೆ ಎಳೆದು ಟಾರ್ಚು ಬಿಟ್ಟರು. ದರ್ಜಿ ಹೂಂಗಾಗಿ ಕಾದ. ಹೂಂ ಬರಲಿಲ್ಲ.

"ಅಯ್ಯೋ," ಎಂದರು ಡಾಕ್ಟರು.

ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅಯ್ಯೋ ಎನ್ನುವುದು ರೋಗಿಯ ಹಕ್ಕಾಗಿತ್ತು. ದರ್ಜಿ ಬೆರಳಿನ ನೋವು ಮರೆತ.

"ಏನಾಯ್ತು ಡಾಕ್ಟ್ರೇ?"

"ರಕ್ತ ಇಲ್ಲವಲ್ಲಪ್ಪ ನಿಂಗೆ! ಸುಣ್ಣದ ಗೋಡೆ ಇದ್ದ ಹಾಗಿದೆ. ಬೆರಳಿಂದ ಎಷ್ಟು ಹೋಯ್ತು?"

"ಒಂದು ತೊಟ್ಟು."

"ಅದೇ ಕೊನೇದಿರಬೇಕು," ಎಂದರು ಡಾಕ್ಟರು ಗಂಭೀರವಾಗಿ.

ಆಮೇಲೆ ಬಂದವನು ಭಾಮೈದ. ಅರ್ಧ ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲೇ ನಿಂತಿದ್ದ. ಡಾಕ್ಟರು ಎಡಗಣ್ಣು ನೋಡಿದರು, ಬಲಗಣ್ಣು ನೋಡಿದರು, ಕುರ್ಚಿಯಲ್ಲಿ ಕುಸಿದು ಕೂತರು.

"ಇವನಿಗೂ ಇಲ್ಲ. ಸೈನ್ ಹಾಕಲ್ಲ."

"ಸಾರ್! ಅವನು ಮೂರು ಹೊತ್ತೂ ತಿಂತಾನೆ ಸಾರ್! ನಾನೇ ಕಣ್ಣಾರೆ ನೋಡ್ತೀನಿ!"

"ತಿಂದಿದ್ದೆಲ್ಲ ಎಲ್ಲಿಗೆ ಹೋಗ್ತಿದೆ ಅಂತಾನೇ ನಂಗೂ ಯೋಚನೆ. ಕ್ರೇನ್ ಹತ್ತಿದ್ರೆ ತಲೆ ತಿರುಗಿ ಬೀಳ್ತಾನೆ. ಟಾನಿಕ್ ಕುಡೀಲಿ, ಚೆನ್ನಾಗಿ ತಿನ್ನಲಿ, ಮಲಗಿರಲಿ. ತಿಂಗಳ ಕೊನೇಲಿ ನೋಡೋಣ."

"ಎಲ್ಲಿ ಮಲಗಿರ್ಲಿ ಸಾರ್?"

"ಇದೇನು ಕೇಳೋದು? ನಿಮ್ಮನೇಲಿ ಕಣಯ್ಯಾ!"

ಅರ್ಧ ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದ. ಟಾರ್ಚು ಹೇಗೂ ಕೈಯಲ್ಲಿದೆಯೆಂದು ಡಾಕ್ಟರು ಅವನ ರೆಪ್ಪೆಯನ್ನೂ ಎಳೆದು ನೋಡಿದರು. ಅಲ್ಲೂ ಸುಣ್ಣ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊಸ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದರು. "ಇಷ್ಟು ವರ್ಷ ಹಳೇ ಕನ್ನಡಕದಲ್ಲಿ ಏನು ನೋಡಿದೆನೋ ನಾನು! ಇಡೀ ಬೀದಿ ನನ್ನ ಮುಂದೇನೇ ಬತ್ತಿ ಹೋಗಿದೆ, ನಾನು ಹೂಂ ಹೂಂ ಅಂತ ಕೂತಿದ್ದೆ." ಪಾಪ, ಅವರಿಗೆ ನಿಜವಾಗಿ ದುಃಖವಾಗಿತ್ತು. ಟಾರ್ಚಿನ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ, ಅದು ಮೇಷ್ಟ್ರು ಕೊಟ್ಟದ್ದು.

ಅರ್ಧ ಡಾಕ್ಟರನ ಸ್ಥಿತಿ ಇನ್ನೂ ಕಷ್ಟದ್ದು. ಇಡೀ ಬೀದಿಯ ರೋಗವನ್ನು ಬಯಲಿಗೆಳೆದದ್ದು ತನ್ನ ಬಲ್ಬು ಎಂದು ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದೇ ಬಲ್ಬು ಭಾಮೈದನನ್ನು ತನ್ನ ಮಂಚಕ್ಕೆ ಮೊಳೆ ಹೊಡೆದು ಕೂರಿಸಿದೆ ಎಂದು ಹೊಟ್ಟೆ ಉರಿಯುತ್ತಿತ್ತು. ಬಲ್ಬೇ ತಪ್ಪು ಹೇಳುತ್ತಿರಬಹುದು ಎಂಬ ಯೋಚನೆ ಮಾತ್ರ ಆತನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಹಗಲಿನಂಥ ಬೆಳಕು ಸುಳ್ಳು ಹೇಳುತ್ತದೆಯೇ?

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ಕೊಡ ಇಳಿಸಿದಳು.

"ರಕ್ತ ಇಲ್ವಾ? ಇಬ್ರಿಗೂ?"

"ಇಬ್ರಿಗೂ," ಎಂದ ಗಂಡ.

"ನಂದು ಭಾವನಿಗಿಂತ ಬಿಳಿಯಂತೆ ಅಕ್ಕ," ಎಂದ ಮಂಚದ ಮೇಲಿನಿಂದ ಭಾಮೈದ.

ಅಂದಿನಿಂದ ಆ ಮನೆಯಲ್ಲಿ ಬೆಳಗಾದರೆ ಬೀಟ್‌ರೂಟ್ ರಸ, ನಡುವೆ ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಸೊಪ್ಪು, ಸಂಜೆ ಹಾಲು. ಆಕೆ ಬೆಳಕು ಹರಿಯುವ ಮೊದಲೇ ನಲ್ಲಿ ಸಾಲಿಗೆ ಹೋಗಿ ಬಂದು, ಸೊಪ್ಪು ಬಿಡಿಸಿ, ತುರಿದು, ಹಿಂಡಿ, ಇಬ್ಬರಿಗೂ ಕೈಗೆ ಕೊಟ್ಟು, ಗಂಡನ ಊಟದ ಡಬ್ಬಿ ಕ್ಲಿನಿಕ್ಕಿಗೆ ತಂದುಕೊಟ್ಟು ಹೋಗುತ್ತಿದ್ದಳು. ಭಾವ ಭಾಮೈದರ ನಡುವೆ ಮಾತ್ರ ಮೊದಲ ಬಾರಿಗೆ ನಿಜವಾದ ಜಗಳ ಶುರುವಾಯಿತು. ಯಾರ ಕಾಯಿಲೆ ದೊಡ್ಡದು ಎಂಬ ಜಗಳ, ಯಾಕೆಂದರೆ ದೊಡ್ಡ ಕಾಯಿಲೆಯವನಿಗೆ ಮಂಚ.

"ನಾನು ನಿಂತ್ಕೊಂಡು ಕೆಲಸ ಮಾಡೋನು ಕಣಪ್ಪ. ಇರೋ ಒಂಚೂರು ರಕ್ತವೂ ಕಾಲಿಗೆ ಇಳಿದುಬಿಡುತ್ತೆ."

"ನಂಗೆ ಇಳಿಯೋದಕ್ಕೂ ಇಲ್ಲ ಭಾವ."

"ಆ ಮೊಟ್ಟೆ ನಂದು!"

"ತಗೊಳ್ಳಿ, ತಗೊಳ್ಳಿ. ಸಾಯೋನಿಗೆ ಯಾಕೆ ಮೊಟ್ಟೆ." ಹೀಗೆಂದು ಆತ ಗೋಡೆಯ ಕಡೆ ತಿರುಗಿ ಮಲಗಿದರೆ ಅಕ್ಕ ಓಡಿ ಬಂದು ಇನ್ನೊಂದು ಬೇಯಿಸಿಕೊಡುತ್ತಿದ್ದಳು.

ದರ್ಜಿಯ ಹೆಂಡತಿ ಒಂದು ದಿನ ಆಕೆಯನ್ನು ಕೇಳಿದಳು, "ನಿಮ್ದು ನೋಡಿಸಿದ್ರಾ?" "ನಂಗೆಲ್ಲಿ ಪುರುಸೊತ್ತು? ಇಬ್ಬರು ರೋಗಿಗಳನ್ನ ಇಟ್ಕೊಂಡಿದ್ದೀನಿ," ಎಂದು ಆಕೆ ನಕ್ಕಳು. ಅದರಲ್ಲಿ ವಿಶೇಷವೇನೂ ನಮಗೆ ಕಾಣಲಿಲ್ಲ. ಬೀದಿಗೆ ಆಗ ತನ್ನದೇ ದೊಡ್ಡ ಚಿಂತೆಯಾಗಿತ್ತು.

ಯಾಕೆಂದರೆ ಅಷ್ಟರಲ್ಲಿ ನಮ್ಮಲ್ಲಿ ರಕ್ತವಿದ್ದವರು ಯಾರೂ ಉಳಿದಿರಲಿಲ್ಲ. ನಿನ್ನೆಯವರೆಗೆ ಮೆಟ್ಟಿಲು ಹಾರಿ ಹತ್ತುತ್ತಿದ್ದವರು ಇವತ್ತು ಕಂಬ ಹಿಡಿದುಕೊಂಡು ಏರುತ್ತಿದ್ದರು. ರಕ್ತ ಇಲ್ಲದವರಿಗೆ ಬಿಗಿ ಬಟ್ಟೆ ಕೂಡದು ಎಂದು ದರ್ಜಿ ಎಲ್ಲರ ಅಂಗಿಯನ್ನೂ ಸಡಿಲವಾಗಿ ಹೊಲಿಯತೊಡಗಿದ. ಮೂಲೆಮನೆಯ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಂಡರು. "ಸೊಸೇದು ಪರವಾಗಿಲ್ಲ, ಒಂಚೂರು ಇದೆ," ಎಂದು ಡಾಕ್ಟರು ಅಂದದ್ದೇ ತಡ, "ಇರುತ್ತೆ, ಇರುತ್ತೆ, ನಂದೆಲ್ಲ ಹೀರಿಕೊಂಡಿದಾಳಲ್ಲ!" ಎಂದು ಅತ್ತೆ ಅಲ್ಲೇ ರಂಪ ಮಾಡಿದಳು. ನಾನೂ ಟಾನಿಕ್ ಕುಡಿದೆ. ಅದರ ರುಚಿ ತುಕ್ಕು ಹಿಡಿದ ಗೇಟನ್ನು ನೆಕ್ಕಿದ ಹಾಗೆ, ಅದರ ಪರಿಣಾಮವನ್ನು ಇಲ್ಲಿ ಬರೆಯುವುದಿಲ್ಲ.

ಸುದ್ದಿ ಕಚೇರಿಗೆ ಮುಟ್ಟಿ ಆರೋಗ್ಯ ಇನ್ಸ್‌ಪೆಕ್ಟರು ಬಂದರು. ದಪ್ಪನೆಯ ಮನುಷ್ಯ, ಕೆಂಪು ಮುಖ. ನೀರಿನ ತೊಟ್ಟಿಗೆ ಇಣುಕಿದರು, ಚರಂಡಿಗೆ ಪುಡಿ ಎರಚಿಸಿದರು. ಎಲ್ಲರ ನಾಲಗೆ ನೋಡಿದರು.

"ಒಂದೇ ಬೀದಿಯಲ್ಲಿ ಇಷ್ಟು ಜನಕ್ಕೆ ಹೇಗ್ರೀ ರಕ್ತ ಹೋಗುತ್ತೆ? ಎಲ್ಲಿಗಾದ್ರೂ ಹೋಗಿರಬೇಕಲ್ಲ?" ಎಂದು ಕ್ಲಿನಿಕ್ಕಿಗೆ ಬಂದು ಗದರಿದರು. "ಮೇಲಿನವರಿಗೆ ನಾನು ಏನಂತ ಹೇಳಲಿ?"

"ಕೂತ್ಕೊಳ್ಳಿ," ಎಂದರು ಡಾಕ್ಟರು.

"ನಂಗೇನಾಗಿದೆ?"

"ಎಲ್ಲರೂ ಮೊದಲು ಹಾಗೇ ಅಂತಾರೆ." ರೆಪ್ಪೆ ಎಳೆದರು. ಟಾರ್ಚು ಬಿಟ್ಟರು. ಇನ್ಸ್‌ಪೆಕ್ಟರ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು, "ಮನೇಲಿ ಯಾರು ಯಾರಿದ್ದಾರೆ?" ಎಂದು ಕೇಳಿದರು.

ಇನ್ಸ್‌ಪೆಕ್ಟರನ್ನು ಇಬ್ಬರು ಹಿಡಿದುಕೊಂಡು ಆಟೋ ಹತ್ತಿಸಬೇಕಾಯಿತು. ಅವರು ಮರುದಿನದಿಂದಲೇ ರಜೆ ಹಾಕಿದರೆಂದು ಕೇಳಿದೆವು.

ತಿಂಗಳ ಕೊನೆಯೂ ಬಂತು. ಮರುದಿನ ಬೆಳಗ್ಗೆ ಬಸ್ಸು ಹತ್ತಿದರೆ ಸರಿ, ಇಲ್ಲವಾದರೆ ಭಾಮೈದನ ಕೆಲಸ ಹೋಯಿತು. ಅರ್ಧ ಡಾಕ್ಟರ್ ಬೆಳಗ್ಗೆ ಬೆಳಗ್ಗೆಯೇ ಡಾಕ್ಟರ ಕಾಲು ಹಿಡಿಯುವುದೊಂದು ಬಾಕಿಯೆಂದು ಹೊರಟ. ಹೋಗಿ ನೋಡಿದರೆ ಕ್ಲಿನಿಕ್ಕಿಗೆ ಬೀಗ. ಡಾಕ್ಟರು ಹಿಂದಿನ ಸಂಜೆ ಕನ್ನಡಿ ಮುಂದೆ ನಿಂತು ತಮ್ಮ ರೆಪ್ಪೆಯನ್ನೇ ಎಳೆದು ಟಾರ್ಚು ಬಿಟ್ಟುಕೊಂಡಿದ್ದರು. ಕಂಡದ್ದನ್ನು ಯಾರಿಗೂ ಹೇಳದೆ, ಶುಭ್ರವಾದ ಬಟ್ಟೆ ತೊಟ್ಟು, ಕೈ ಎದೆಯ ಮೇಲೆ ಜೋಡಿಸಿಕೊಂಡು ಮನೆಯಲ್ಲಿ ಮಲಗಿಬಿಟ್ಟಿದ್ದರು.

ಅವರ ಹೆಂಡತಿಯನ್ನು ನಾವು ಡಾಕ್ಟರಮ್ಮ ಎನ್ನುತ್ತಿದ್ದೆವು. ಗಂಡನ ವೈದ್ಯದ ಮೇಲೆ ಆಕೆಗೆ ಎಂದೂ ನಂಬಿಕೆ ಇದ್ದದ್ದಿಲ್ಲ. "ಒಂದು ಟೊಮೆಟೊ ಸಾರು ಕುಡಿದ್ರೆ ಎದ್ದು ಕೂರ್ತಾರೆ," ಎಂದು ಆಕೆ ಕತ್ತಲೆ ಉಗ್ರಾಣಕ್ಕೆ ಹೋದರು. ಬೆಳಕಿಗೆಂದು ಗಂಡನ ಕೋಟಿನ ಜೇಬಿನಿಂದ ಟಾರ್ಚು ತೆಗೆದುಕೊಂಡಿದ್ದರು. ಆಗ ತಾನೇ ಕೊಂಡ ಟೊಮೆಟೊ ಬುಟ್ಟಿಯ ಮೇಲೆ ಬೆಳಕು ಬಿಟ್ಟವರೇ ಬುಟ್ಟಿಯ ಸಮೇತ ಬೀದಿ ಬಾಗಿಲಿಗೆ ಬಂದು ಕೂಗಿದರು.

"ಏಯ್ ತರಕಾರಿಯವನೇ! ನಿಲ್ಲಿಸು ಗಾಡಿ! ಏನಪ್ಪಾ ಇದು, ಟೊಮೆಟೊಗೂ ರಕ್ತ ಇಲ್ಲವಲ್ಲ!"

ತರಕಾರಿಯವನು ಗಾಡಿ ಬಿಟ್ಟು ಬಂದ. "ಏನಮ್ಮಾ ಹೀಗಂತೀರಾ? ಬೆಂಕಿ ಇದ್ದ ಹಾಗಿದೆ ಹಣ್ಣು!"

"ನೋಡಿಲ್ಲಿ!" ಎಂದು ಡಾಕ್ಟರಮ್ಮ ಬಾಗಿಲ ಕತ್ತಲಲ್ಲಿ ಟಾರ್ಚು ಬಿಟ್ಟರು. ಟೊಮೆಟೊ ಬೂದು ಹಿಡಿದ ಹಾಗೆ ಬಿಳಿಚಿಕೊಂಡಿತ್ತು.

"ಇಲ್ಲಿ ನೋಡಿ!" ಎಂದು ಆತ ಅದನ್ನೇ ಬಿಸಿಲಿಗೆ ಹಿಡಿದ. ಕೆಂಪಗೆ ಹೊಳೆಯಿತು.

ಆಕೆ ಒಳಗೆ ಎಳೆದು ಟಾರ್ಚು ಬಿಟ್ಟರು, ಆತ ಹೊರಗೆ ಎಳೆದು ಬಿಸಿಲಿಗೆ ಹಿಡಿದ. ಹೀಗೆ ಒಳಗೂ ಹೊರಗೂ ಓಡಾಡಿ ಪಾಪದ ಟೊಮೆಟೊ ಮೆತ್ತಗಾಯಿತು. ಅಷ್ಟರಲ್ಲಿ ಕಂಬ ಕಂಬ ಹಿಡಿದುಕೊಂಡು ಬೀದಿಯೆಲ್ಲ ಅಲ್ಲಿ ಸೇರಿತ್ತು. ಡಾಕ್ಟರಮ್ಮನ ಕೈ ನಡುದಾರಿಯಲ್ಲಿ ನಿಂತಿತು.

"ಈ ಟಾರ್ಚಿಗೆ ಏನಾಗಿದೆ?" ಎಂದು ನಿಧಾನವಾಗಿ ಕೇಳಿದರು.

ಅರ್ಧ ಡಾಕ್ಟರ್ ಇಷ್ಟು ದಿನ ಕಾದದ್ದು ಈ ಗಳಿಗೆಗೇ ಎಂದು ಭಾವಿಸಿದ. ಜನ ಸೇರಿದ್ದಾರೆ, ಡಾಕ್ಟರಮ್ಮ ಕೇಳುತ್ತಿದ್ದಾರೆ. ಎದೆಯುಬ್ಬಿಸಿ ಮುಂದೆ ಬಂದ.

"ಬಲ್ಬು ನಾನು ಹಾಕಿದ್ದಮ್ಮಾ! ಎಲ್‌ಇಡಿ!"

ಒಳಗೆ ಮಂಚ ಕಿರುಗುಟ್ಟಿತು. ಸಾಯಲು ಮಲಗಿದ್ದ ಡಾಕ್ಟರು ಬರಿಗಾಲಲ್ಲಿ ಬಾಗಿಲಿಗೆ ಬಂದರು.

"ಬಲ್ಬಾ? ಸೆಲ್ ಅಂದ್ಯಲ್ಲಯ್ಯಾ!"

"ನೀವು ಹೊಸದು ಅಂದ್ರಿ ಸಾರ್, ನಾನು ಹೂಂ ಅಂದೆ."

ಡಾಕ್ಟರು ಹೆಂಡತಿಯ ಕೈಯಿಂದ ಟಾರ್ಚು ಕಿತ್ತುಕೊಂಡು, "ಎಲ್ಲರೂ ಬಿಸಿಲಿಗೆ ಬನ್ನಿ!" ಎಂದು ಕೂಗಿದರು.

ಜಗಲಿಯ ಮೆಟ್ಟಿಲ ಮೇಲೆ ಅವರು ಕೂತರು, ನಾವು ಒಬ್ಬೊಬ್ಬರಾಗಿ ಸೂರ್ಯನ ಕಡೆ ಮುಖ ಮಾಡಿ ಕಣ್ಣು ಒಪ್ಪಿಸಿದೆವು. ದರ್ಜಿಗೆ ರಕ್ತವಿತ್ತು. ಸೊಸೆಗಿತ್ತು. ಅತ್ತೆಗೆ ಸೊಸೆಗಿಂತ ಹೆಚ್ಚಿತ್ತು, ಅದಕ್ಕೆ ಆಕೆ ಮುಖ ಊದಿಸಿಕೊಂಡು ಹೋದಳು. ಆರೋಗ್ಯವಂತರೆಂದು ಗೊತ್ತಾಗಿ ಇಷ್ಟು ಸಪ್ಪಗಾದ ಬೀದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರುದಿನದಿಂದ ಎಲ್ಲರೂ ಕೆಲಸಕ್ಕೆ ಹೋಗಬೇಕಾಗಿತ್ತು.

ಭಾಮೈದನದು ಅಪ್ಪಟ ಕೆಂಪು. "ಇವನು ಕ್ರೇನ್ ನಡೆಸೋದೇನು, ಕ್ರೇನನ್ನೇ ಎತ್ತುತ್ತಾನೆ," ಎಂದರು ಡಾಕ್ಟರು. ಅರ್ಧ ಡಾಕ್ಟರ್ ಓಡಿ ಬಂದು ಬೆನ್ನು ಬಗ್ಗಿಸಿದ, ಅವನ ಬೆನ್ನ ಮೇಲೆ ಕಾಗದವಿಟ್ಟು ಡಾಕ್ಟರು ಸೈನು ಹಾಕಿದರು. ಬೆನ್ನ ಮೇಲೆ ಪೆನ್ನು ಓಡುವಾಗ ಆತನ ಮುಖದಲ್ಲಿದ್ದ ಆನಂದವನ್ನು ವರ್ಣಿಸಲು ನನ್ನಿಂದಾಗದು.

ಅಷ್ಟು ಹೊತ್ತಿಗೆ ಆತನ ಹೆಂಡತಿ ಬಂದಳು. ಇಬ್ಬರು ರೋಗಿಗಳೂ ಬಿಸಿಲಲ್ಲಿ ನಿಂತಿದ್ದಾರೆಂದು ಕೇಳಿ, ಎರಡು ಲೋಟ ಬೀಟ್‌ರೂಟ್ ರಸ ಹಿಡಿದುಕೊಂಡು ಬಂದಿದ್ದಳು. ನಾವೆಲ್ಲ ಗೊಳ್ಳೆಂದು ನಕ್ಕೆವು. ಆಕೆಯೂ ನಕ್ಕಳು.

"ಬಾಮ್ಮಾ, ನಿಂದೊಂದು ಯಾಕೆ ಬಿಡಬೇಕು," ಎಂದರು ಡಾಕ್ಟರು ಉತ್ಸಾಹದಲ್ಲಿ.

"ನಂಗೇನಾಗಿದೆ ಡಾಕ್ಟ್ರೇ? ಒಲೆ ಮೇಲೆ ಇಟ್ಟು ಬಂದಿದ್ದೀನಿ."

ಅವರು ರೆಪ್ಪೆ ಎಳೆದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಕೆಯ ಗಲ್ಲ ಹಿಡಿದು ಮುಖವನ್ನು ಪೂರ್ತಿ ಸೂರ್ಯನ ಕಡೆಗೆ ತಿರುಗಿಸಿ ಇನ್ನೊಂದು ಕಣ್ಣನ್ನೂ ನೋಡಿದರು. ಉಗುರು ಒತ್ತಿ ನೋಡಿದರು. ಇದೂ ಒಂದು ತಮಾಷೆಯೆಂದು ನಗಲು ಕಾಯುತ್ತಿದ್ದ ನಾವು ಹಾಗೇ ನಿಂತೆವು.

"ಟಾರ್ಚಿಂದಲ್ಲವಲ್ಲ ಸಾರ್ ನೋಡಿದ್ದು?" ಎಂದು ಅರ್ಧ ಡಾಕ್ಟರ್ ಪಿಸುಗುಟ್ಟಿದ.

"ಬಿಸಿಲು ಕಣಯ್ಯಾ ಇದು." ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. "ಈಕೆ ಇಷ್ಟು ದಿನ ನಿಂತಿರೋದೇ ಹೆಚ್ಚು. ದಿನಾ ನಿಂಗೆ ಡಬ್ಬಿ ತಂದುಕೊಡ್ತಿದ್ಲಲ್ಲ, ಒಂದು ದಿನವಾದ್ರೂ ಒಳಗೆ ಕರೀಬಾರದಿತ್ತಾ?"

ಆಕೆ ಇನ್ನೂ ಎರಡು ಲೋಟ ಹಿಡಿದುಕೊಂಡೇ ನಿಂತಿದ್ದಳು. ನಮಗೆಲ್ಲ ನಾಚಿಕೆಯಾಯಿತು. ಭಾಮೈದ ಬಂದು ಲೋಟ ತೆಗೆದುಕೊಂಡು, ಅಕ್ಕನ ಬಾಯಿಗೆ ಹಿಡಿದ. "ಇದು ನಿಮಗೆ ಕಣೋ," ಎಂದು ಆಕೆ ಮುಖ ತಿರುಗಿಸಿದಳು.

ಅಂದು ಸಂಜೆ ಭಾಮೈದ ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಮತ್ತೆ ಹಗ್ಗದ ಮೇಲೆ ಹಾಕುತ್ತಿದ್ದ. ಯಾವಾಗಲೂ ನಗುವ ಮುಖದಲ್ಲಿ ನಗುವಿರಲಿಲ್ಲ.

"ನಾನು ಹೋಗಲ್ಲ ಭಾವ. ಅಕ್ಕನ್ನ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ. ನೀನು ಹೋಗು."

"ನೀವಾ?"

ಆ ಒಂದು ಮಾತು ಅರ್ಧ ಡಾಕ್ಟರನಿಗೆ ನಾಟಿತು. ಇಷ್ಟು ವರ್ಷದಲ್ಲಿ ಭಾಮೈದ ಅವನನ್ನು ನಂಬದೆ ಇದ್ದದ್ದು ಇದೊಂದೇ ಸಲ, ಮತ್ತು ಅದರಲ್ಲಿ ತಪ್ಪೇನೂ ಇರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಸಲು ಬಾರದೆ ಉಂಡೆ ಮಾಡಿ, ಸೂಟ್‌ಕೇಸಿಗೆ ತುಂಬಿದ. "ಕೆಲಸ ಬಿಡಬೇಡ ಕಣಪ್ಪ," ಎಂದ. "ರಜೆ ಸಿಕ್ಕಾಗ ಬಾ. ಬಂದು ನೋಡು."

ಮರುದಿನ ಬೆಳಗ್ಗೆ ಬಸ್ ಸ್ಟಾಂಡಿನಲ್ಲಿ ಆತ ಭಾಮೈದನನ್ನು ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಬಹಳ ದಿನದ ಆಸೆ ಈಡೇರಿತ್ತು. ದಾಟಲು ಯಾರ ಕಾಲೂ ಇಲ್ಲದ ಬಾಗಿಲಿನಿಂದ ತನ್ನ ಮನೆಯೊಳಗೆ ನಡೆದುಕೊಂಡು ಹೋದ. ಮಂಚದ ಮೇಲೆ ಹೆಂಡತಿ ಮಲಗಿದ್ದಳು, ಕಣ್ಣು ಮುಚ್ಚಿತ್ತು. ಅಡುಗೆಮನೆಯಲ್ಲಿ ಅಕ್ಕಿ ಎಲ್ಲಿದೆಯೆಂದು ಹುಡುಕಿದ, ಪಾತ್ರೆ ಯಾವುದೆಂದು ಹುಡುಕಿದ, ಬೆಂಕಿಪೊಟ್ಟಣ ಹುಡುಕಿದ. ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ಅಂತೂ ಟಾನಿಕ್ ತರಲು ಕ್ಲಿನಿಕ್ಕಿಗೆ ಹೋಗಿ ಬಂದು, ಒಲೆ ಹೊತ್ತಿಸಿ ನೀರಿಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬಾಟಲಿ ಹಿಡಿದುಕೊಂಡು ಮಂಚದ ಪಕ್ಕ ನಿಂತು, ಏನು ಮಾತಾಡಬೇಕೆಂದು ತಿಳಿಯದೆ, ಯಾರಾದರೂ ಯಾರನ್ನಾದರೂ ಕೇಳುವ ಮಾತನ್ನೇ ಕೇಳಿದ.

"ಊಟ ಆಯ್ತಾ?"

ಆಕೆ ಕಣ್ಣು ತೆರೆಯಲಿಲ್ಲ.

"ಆಯ್ತು ರೀ. ನಿಮ್ದು?"

ಒಲೆಯ ಮೇಲೆ ಅನ್ನಕ್ಕಿಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ. ಬೆಳಗ್ಗಿನಿಂದ ಆ ಮನೆಯಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲ.